ಹತ್ತು ನಿಮಿಷ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆಯಹೊರಟವನಿಗೆ ವಿಷಯಕ್ಕೇನು ಬರ? ಮುಂಗಾರಿನ ಮಳೆಯಿದೆ, ಪ್ರವಾಸವಿದೆ, ಪರೀಕ್ಷೆಯ ಭೀತಿಯಿದೆ. ನಾನು ಆಸ್ಪತ್ರೆಯ ನೆಲ ಒರೆಸುವುದನ್ನು ಕುರಿತು ಬರೆಯುತ್ತೇನೆಂದಾಗ ಗೆಳೆಯರು ನಕ್ಕರು. ನಗಲಿ. ನನ್ನ ಪಾಲಿಗೆ ಅದು ಹೊರಗಿನ ವಿಷಯವಲ್ಲ. ನನ್ನ ಮೂರು ವರ್ಷದ ಶುಲ್ಕವನ್ನು ಕಟ್ಟಿರುವುದು ಆ ನೆಲವೇ.

ನನ್ನ ತಾಯಿ ಹದಿನಾಲ್ಕು ವರ್ಷಗಳಿಂದ ಒಂದು ಆಸ್ಪತ್ರೆಯಲ್ಲಿ ಗುಡಿಸಿ ಒರೆಸುವ ಕೆಲಸ ಮಾಡುತ್ತಿದ್ದಾಳೆ. ಅವಳಿಗೆ ಓದುಬರಹ ಬಾರದು. ನಾನು ಕಾಲೇಜಿಗೆ ಸೇರಿದ ದಿನ, ಅರ್ಜಿಯಲ್ಲಿ ತಾಯಿಯ ಉದ್ಯೋಗವೇನೆಂದು ಕೇಳಿದ್ದ ಕಡೆ 'ಗೃಹಿಣಿ' ಎಂದು ಬರೆದೆ. ಅವಳು ನನ್ನ ಪಕ್ಕದಲ್ಲಿಯೇ ನಿಂತಿದ್ದಳು. ಓದಲಾರಳೆಂಬ ಧೈರ್ಯ ನನಗಿತ್ತು. ಈ ತಪ್ಪನ್ನು ಮೊದಲೇ ಒಪ್ಪಿಕೊಂಡು ಮುಂದಕ್ಕೆ ಹೋಗುವುದು ಮೇಲು.

ಚಿಕ್ಕಂದಿನಲ್ಲಿ ನಮಗೆ ಅವ್ವನ ವಾಸನೆಯೆಂದರೆ ಫಿನಾಯಿಲಿನ ವಾಸನೆ. ಸಂಜೆ ಅದು ಬಾಗಿಲಿಗೆ ಬಂದರೆ ಅವ್ವ ಬಂದಳೆಂದು ಅರ್ಥ. ಅವಳಾದರೂ ಶುಚಿತ್ವವನ್ನು ಮೂಗಿನಿಂದಲೇ ಅಳೆಯುತ್ತಿದ್ದಳು. "ಘಮ್ಮಂದ್ರೆ ತಾನೆ ಮಗಾ, ಒರೆಸ್ದಂಗೆ ಲೆಕ್ಕ" ಎನ್ನುತ್ತಿದ್ದಳು. ಅವಳೊಬ್ಬಳನ್ನೇ ಏಕೆ ದೂರಬೇಕು? 2020ರಲ್ಲಿ ಕೊರೋನಾ ಬಂದಾಗ ಓದಿದವರೇ ಕೆಲವು ಕಡೆ ಜನರನ್ನು ನಿಲ್ಲಿಸಿ ಅವರ ಮೈಮೇಲೆ ಕ್ರಿಮಿನಾಶಕವನ್ನು ಎರಚಿದರು. ಹಾಗೆ ಮಾಡಬಾರದೆಂದು ಆ ವರ್ಷದ ಏಪ್ರಿಲಿನಲ್ಲಿ ಕೇಂದ್ರದ ಆರೋಗ್ಯ ಸಚಿವಾಲಯವೇ ಹೇಳಬೇಕಾಯಿತು.

ಕಳೆದ ದಸರೆಯ ರಜೆಯಲ್ಲಿ ಅವ್ವ, ನೀರು ತುಂಬಿಡಲು ಬರುತ್ತದೆಂದು, ಆಸ್ಪತ್ರೆಯ ಖಾಲಿ ಕ್ಯಾನೊಂದನ್ನು ಕೇಳಿ ಮನೆಗೆ ತಂದಳು. ಆಸ್ಪತ್ರೆಯವರು 'ಹೈಪೊ' ಎಂದು ಕರೆಯುವ ಸೋಡಿಯಂ ಹೈಪೊಕ್ಲೋರೈಟಿನ ಕ್ಯಾನು ಅದು. ಮೈಮೇಲಿನ ಚೀಟಿಯಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳು. ಕುತೂಹಲಕ್ಕೆಂದು ಓದತೊಡಗಿದೆ. ಆಮ್ಲದೊಡನೆ ಬೆರೆಸಬಾರದು, ವಿಷಾನಿಲ ಏಳುತ್ತದೆ ಎಂಬ ಸಾಲಿಗೆ ಬಂದಾಗ ನನ್ನ ನಾಲಗೆ ನಿಂತುಹೋಯಿತು. ನಾನು ಏಳನೆಯ ತರಗತಿಯಲ್ಲಿದ್ದಾಗ ಅವ್ವ ಮೂರು ರಾತ್ರಿ ಮಲಗಲಾರದೆ ಕೆಮ್ಮಿದ್ದಳು. ಕಕ್ಕಸು ಬೆಳ್ಳಗಾಗಲೆಂದು ಬ್ಲೀಚಿಂಗ್ ಪೌಡರಿನ ಮೇಲೆಯೇ ಆ್ಯಸಿಡ್ ಸುರಿದಿದ್ದಳಂತೆ. ಶೀತವೆಂದುಕೊಂಡು ನಾವು ಮೆಣಸಿನ ಕಷಾಯ ಕಾಯಿಸಿ ಕೊಟ್ಟೆವು. ಅದು ಶೀತವಲ್ಲ, ಕ್ಲೋರಿನ್ ಅನಿಲ. ಬೆರೆಸಬೇಡವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳುವ ಚೀಟಿಯನ್ನು ಅವಳು ಓದುವಂತಿರಲಿಲ್ಲ. ಆ ಕ್ಯಾನಿಗೆ ನಾವು ನೀರು ತುಂಬಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಅಂದಿನಿಂದ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಇತಿಹಾಸ ನನ್ನ ಐಚ್ಛಿಕ ವಿಷಯವಾದ್ದರಿಂದ ವಿಯೆನ್ನಾ ನಗರದ ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ವೈದ್ಯನ ಕಥೆ ಮನಸ್ಸಿನಲ್ಲಿ ನಿಂತಿತು. 1847ರ ಏಪ್ರಿಲಿನಲ್ಲಿ ಅವನ ಹೆರಿಗೆ ವಾರ್ಡಿನಲ್ಲಿ ನೂರಕ್ಕೆ 18 ಮಂದಿ ಬಾಣಂತಿಯರು ಸತ್ತರು. ಶವಗಳನ್ನು ಕೊಯ್ದು ನೇರವಾಗಿ ಬರುವ ವೈದ್ಯರ ಕೈಗಳೇ ಇದಕ್ಕೆ ಕಾರಣವೆಂದು ಅವನು ಊಹಿಸಿ, ಆ ಕೈಗಳನ್ನು ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ತೊಳೆಸಿದ. ಜೂನ್ ತಿಂಗಳಿಗೆ ಸಾವು ನೂರಕ್ಕೆ ಎರಡಕ್ಕೆ ಇಳಿಯಿತು. ಶವದ ವಾಸನೆಯನ್ನು ತೆಗೆಯುತ್ತದೆಂದೇ ಅವನು ಆ ಪುಡಿಯನ್ನು ಆರಿಸಿದ್ದು. ಅಂದರೆ ಅವನೂ ನಮ್ಮ ಅವ್ವನಂತೆ ಮೂಗನ್ನೇ ನಂಬಿದವನು! ದೊಡ್ಡ ವೈದ್ಯರಲ್ಲಿ ಬಹಳ ಮಂದಿ ಅವನ ಮಾತನ್ನು ಒಪ್ಪಲಿಲ್ಲ. 1865ರಲ್ಲಿ ಅವನು ಹುಚ್ಚಾಸ್ಪತ್ರೆಯೊಂದರಲ್ಲಿ ತೀರಿಕೊಂಡ. ಅವನು ತೊಳೆಸಿದ್ದು ಕೈಗಳನ್ನು; ನನ್ನ ತಾಯಿ ತೊಳೆಯುವುದು ಆ ಕೈಗಳು ಮುಟ್ಟುವ ಜಾಗಗಳನ್ನು.

ಓದಿದ್ದನ್ನು ಅವಳಿಗೆ ಬೋಧಿಸಹೊರಟೆ. ಪದವಿ ಇನ್ನೂ ಕೈಗೆ ಬಂದಿರದಿದ್ದರೂ ಅದರ ಗರ್ವ ಆಗಲೇ ಬಂದಿತ್ತು. ಮೊದಲು ಕೊಳೆ ತೆಗೆದು ಆಮೇಲೆ ಔಷಧಿ ಹಚ್ಚಬೇಕು, ಏಕೆಂದರೆ ಕ್ಲೋರಿನ್ ಎದುರಿಗೆ ಸಿಕ್ಕಿದ ಕೊಳೆಯ ಮೇಲೆಯೇ ತನ್ನ ಶಕ್ತಿಯನ್ನೆಲ್ಲ ಖರ್ಚು ಮಾಡಿಬಿಡುತ್ತದೆ ಎಂದೆ. "ಅದೇನ್ ಹೊಸದು? ಪಾತ್ರೆ ಬಳಿದಲೇ ಹುಣಸೆಹಣ್ಣು ಹಚ್ತಾರಾ?" ಎಂದಳು. ಶುಚಿಯಾದ ಕಡೆಯಿಂದ ಕೊಳೆಯಾದ ಕಡೆಗೆ ಒರೆಸಬೇಕು ಎಂದೆ. ಅದೂ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಅಳತೆ. ಶೇಕಡಾ 5ರ ಹೈಪೊ ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿದರೆ ಶೇಕಡಾ 1ರ ದ್ರಾವಣ. ರಕ್ತ ಬಿದ್ದ ಕಡೆಗೆ ಅದು ಬೇಕು. ಬೆಳಕಿಗೂ ಬಿಸಿಲಿಗೂ ಅದರ ಕಸುವು ಇಳಿಯುವುದರಿಂದ ಅಂದಂದಿನದನ್ನು ಅಂದಂದೇ ಕಲಸಿಕೊಳ್ಳಬೇಕು. ನೆಲಕ್ಕಿಂತ ಹೆಚ್ಚಾಗಿ ಮಂಚದ ಸರಳು, ಬಾಗಿಲ ಹಿಡಿ, ದೀಪದ ಸ್ವಿಚ್ಚು, ನಲ್ಲಿಯ ತಿರುಪು, ಇವುಗಳನ್ನು ಜನ ಮುಟ್ಟುತ್ತಾರೆ. ಮೇಲಿನವರು ನೋಡುವುದು ಮಾತ್ರ ನೆಲವನ್ನು. ಎಲ್ಲಕ್ಕಿಂತ ಮುಖ್ಯವಾಗಿ, ರಕ್ತದ ಮೇಲೆ ಬಟ್ಟೆ ಹಾಸಿ, ಔಷಧಿ ಸುರಿದು, ಹತ್ತು ನಿಮಿಷ ಬಿಡಬೇಕು. ಸುರಿದ ಕೂಡಲೇ ಒರೆಸಿದರೆ ವಾಸನೆ ಉಳಿಯುತ್ತದೆ, ಕೆಲಸ ಆಗುವುದಿಲ್ಲ.

ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಆ ಹತ್ತು ನಿಮ್ಷ ನಂಗ್ಯಾರು ಕೊಡ್ತಾರೆ ಮಗಾ? ರೌಂಡ್ಸು ಬರೋ ಹೊತ್ಗೆ ನೆಲ ಒಣಗಿರ್ಬೇಕು ಅಂತಾರಲ್ಲ" ಎಂದಳು. ನಾನು ಓದಿದ ಯಾವ ಪುಸ್ತಕದಲ್ಲಿಯೂ ಈ ಪ್ರಶ್ನೆಗೆ ಉತ್ತರವಿರಲಿಲ್ಲ.

ಮರುದಿನ ಅವಳೇ ಹೋಗಿ ವಾರ್ಡಿನ ಸಿಸ್ಟರನ್ನು ಕೇಳಿದಳು. ಆಕೆ ಒಳ್ಳೆಯವರು, "ನೀವು ಹೇಳಿದ್ದೇ ಸರಿ, ನಾನಿದ್ದೇನೆ, ನಿಲ್ಲಿ" ಎಂದರಂತೆ. ನಾನು ಅವ್ವನಿಗೆ ಗಡಿಯಾರವನ್ನು ಕಲಿಸಿದೆ. ದೊಡ್ಡ ಮುಳ್ಳು ಎರಡು ಅಂಕಿ ದಾಟಿದರೆ ಹತ್ತು ನಿಮಿಷ.

ಒಂದು ಮಧ್ಯಾಹ್ನ ಬುತ್ತಿ ಕೊಡಲು ಹೋದಾಗ ಗಾಯ ಕಟ್ಟುವ ಕೋಣೆಯ ಮುಂದೆ ಅವಳು ನಿಂತಿದ್ದಳು. ನೆಲದ ಮೇಲೆ ನೆನೆದ ಬಟ್ಟೆ. ದಾರಿಗೆ ಅಡ್ಡವಾಗಿ ಬಕೆಟ್ಟು. ಒಬ್ಬ ಡಾಕ್ಟರು ಅವಸರದಿಂದ ಬಂದು, "ಏನಮ್ಮಾ, ದಾರಿಗೆ ಅಡ್ಡ ಇಟ್ಟಿದ್ದೀಯಲ್ಲ?" ಎಂದರು. ನನ್ನ ಎದೆ ಹೊಡೆದುಕೊಂಡಿತು. ಅವ್ವ ಗೋಡೆಯ ಗಡಿಯಾರವನ್ನು ನೋಡಿ, "ಇನ್ನೂ ನಾಕು ನಿಮ್ಷ ಐತೆ ಸ್ವಾಮಿ" ಎಂದಳು. ಅವರು ಒಂದು ಕ್ಷಣ ಬಟ್ಟೆಯನ್ನೂ ಅವಳನ್ನೂ ನೋಡಿದರು; ಬಳಿಕ ಮಾತಿಲ್ಲದೆ ಬಳಸಿಕೊಂಡು ಹೋದರು.

ಈ ವರ್ಷ ಅಂತಿಮ ಪರೀಕ್ಷೆಯ ಅರ್ಜಿ ತುಂಬುವಾಗ ತಾಯಿಯ ಉದ್ಯೋಗದ ಅಂಕಣವನ್ನು ಹುಡುಕಿದೆ. ಅದು ಅಲ್ಲಿರಲಿಲ್ಲ. ಆದಕಾರಣ ಇಲ್ಲಿ ತುಂಬುತ್ತಿದ್ದೇನೆ: ನನ್ನ ತಾಯಿ ಆಸ್ಪತ್ರೆಯನ್ನು ಶುಚಿಯಾಗಿಡುತ್ತಾಳೆ.