ಆರು, ಏಳು, ಎಂಟು: ಮನ್ಯಾಗಿನ ಇತಿಹಾಸ ಪಾಠ

ಬ್ಯಾಸಗಿ ಬಂತು. ಸಂಡಗಿ, ಹಪ್ಪಳ, ಖಾರದಪುಡಿ ಅಂತ ಎಲ್ಲಾರ ಮಾಳಗಿ ಮ್ಯಾಲೂ ಏನರೆ ಒಣಗಲಿಕ್ಕ ಹತ್ತ್ಯದ. ಈ ಕೆಲಸದ ನಡಬರಕ ನಾ ಇನ್ನೊಂದು ಕೆಲಸ ಹಚ್ಕೊಂಡೀನಿ. ನಮ್ಮ ಸಣ್ಣಾಕಿ ಜೂನದಾಗ ಆರನೇ ಕ್ಲಾಸಿಗಿ ಹೋಗ್ತಾಳ. ಅಕಿಗಿ ಆರು, ಏಳು, ಎಂಟು ಈ ಮೂರು ವರ್ಷ ಮನ್ಯಾಗ ಇತಿಹಾಸ ಹ್ಯಾಂಗ ಹೇಳಬೇಕು ಅಂತ ಒಂದು ಪಟ್ಟಿ ಮಾಡಲಿಕ್ಕ ಕುಂತೀನಿ.

ಶಾಲಿ ಬಿಡಿಸೂದಲ್ಲ ಇದು. ಶಾಲಿ ಶಾಲಿಯಾಗ, ಮನಿ ಮನ್ಯಾಗ. ಕೊರೊನಾ ವರ್ಷ ಶಾಲಿ ಮುಚ್ಚಿದಾಗ ದೊಡ್ಡ ಮಗನಿಗಿ ಮನ್ಯಾಗೇ ಪಾಠ ಆತು. ಆಗ ನನಗ ಒಂದು ಮಾತು ತಿಳೀತು. ಪಾಣಿಪತ್ತಿನ ಮೂರೂ ಯುದ್ಧದ ಇಸ್ವಿ ಅವಂಗ ಬಾಯಿಪಾಠ. ಸುರಪುರದ ಗುಡ್ಡದ ಮ್ಯಾಲಿನ ಟೇಲರ್ ಮಂಜಿಲ್ ಯಾರ ಮನಿ ಅಂದ್ರ ಗೊತ್ತಿಲ್ಲ. ಅವನ ತಲಿಯಾಗ ಇತಿಹಾಸ ಅಂದ್ರ ದಿಲ್ಲಿಯಾಗ ಆಗೂದು, ಇಲ್ಲಾಂದ್ರ ಮೈಸೂರಾಗ. ನಮ್ಮ ಕಡಿ ಬರೇ ಬಿಸಲು.

ನಾ ಓದಿದ್ದು ಪಿಯುಸಿ ತನಕ. ಆದ್ರೂ ಇಷ್ಟು ಮಾಡಬಹುದು: ಐತಾರ ಊಟ ಆದಮ್ಯಾಲ ಒಂದು ತಾಸು. ಜೂನದಿಂದ ಮಾರ್ಚ್ ತನಕ 40ರ ಮ್ಯಾಲ ಐತಾರ ಬರ್ತಾವ. ಹಬ್ಬ, ಜಾತ್ರಿ, ಮದಿವಿ, ಹತ್ತಿ ಬಿಡಿಸೂ ದಿನ ತಗದ್ರ 25 ಉಳೀತಾವ. ವರ್ಷಕ್ಕ 25 ತಾಸು, ಒಂದು ಉದ್ದ ನೋಟಬುಕ್ಕು, ಒಂದು ಹಗ್ಗ, ಇಷ್ಟೇ ಸಾಮಾನು.

ಹಗ್ಗ ಯಾಕಂದ್ರ ಕಾಲ ಅಳಿಲಿಕ್ಕ. ಒಂದು ಮಳ ಅಂದ್ರ ನೂರು ವರ್ಷ. ಭಾರತಕ್ಕ ಸ್ವಾತಂತ್ರ್ಯ ಬಂದದ್ದು ಮುಕ್ಕಾಲು ಮಳದ ಮ್ಯಾಲ. ಸುರಪುರದ ರಾಜಾ ವೆಂಕಟಪ್ಪ ನಾಯಕ ಇಂಗ್ಲಿಷರ ಜೋಡಿ ಕಾದಿದ್ದು ಒಂದು ಮಳ ದಾಟಿ ಇನ್ನ ಎರಡು ಗೇಣಿನೊಳಗ. ಅಶೋಕ ಇಪ್ಪತ್ತೆರಡು ಮಳದ ಆಚಿ. ಬಟ್ಟಿ ಒಣಗಿಸೂ ಕ್ಲಿಪ್ಪಿನಿಂದ ಚೀಟಿ ಹಾಕ್ಕೋತ ಹೋಗೂದು. ಪಡಸಾಲಿಯಾಗಿಂದ ಹಿತ್ತಲ ತನಕ ಹಗ್ಗ ಎಳದ್ರ ಕೂಸಿಗಿ ಇಸ್ವಿ ಬಾಯಿಪಾಠ ಮಾಡೂ ಜರೂರ ಇಲ್ಲ. ಯಾವುದು ಹತ್ತಿರ, ಯಾವುದು ದೂರ, ಕಣ್ಣಿಗೇ ಕಾಣ್ತದ.

ಇನ್ನ ಪಟ್ಟಿ. ಒಂದೊಂದು ವರ್ಷ ಒಂದೊಂದು ನಮೂನಿ ಸಾಕ್ಷಿ ಅಂತ ಮಾಡೀನಿ. ಆರನೇದಾಗ ಕಲ್ಲು. ಏಳನೇದಾಗ ಮಾತು. ಎಂಟನೇದಾಗ ಕಾಗದ ಮತ್ತ ಮನಷ್ಯಾರು.

ಆರನೇ ಕ್ಲಾಸು: ಕಲ್ಲು, ಬೂದಿ

ಮೊದಲ ಪಾಠ ನಮ್ಮ ಹುಣಸಗಿ ಕಡೀಗಿಂದು. ಹುಣಸಗಿ, ಬೈಚಬಾಳ ಹಳ್ಳದ ದಂಡಿಗುಂಟ ಹಳೇ ಶಿಲಾಯುಗದ ಕಲ್ಲಿನ ಆಯುಧ ಸಿಕ್ಕಾವ. ಪುಣೆದ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಹತ್ತಾರು ವರ್ಷ ಈ ನೆಲದಾಗ ತಿರುಗಿ ಅಭ್ಯಾಸ ಮಾಡ್ಯಾರ. ಇಸಾಂಪುರದಾಗ ಆಗಿನ ಮನಷ್ಯಾರು ಸುಣ್ಣಗಲ್ಲಿನ ಚಪ್ಪಡಿ ಒಡದು ಕೈಗೊಡಲಿ ಮಾಡ್ತಿದ್ದ ಜಾಗನೇ ಸಿಕ್ಕದ. ಸುಮಾರು 12 ಲಕ್ಷ ವರ್ಷದ್ದು. ನಮ್ಮ ಹಗ್ಗದ ಲೆಕ್ಕದಾಗ 12 ಸಾವಿರ ಮಳ, ಅಂದ್ರ ಐದೂವರಿ ಕಿಲೋಮೀಟರ್ ಹಗ್ಗ ಬೇಕು! ಈ ಲೆಕ್ಕ ಅಕಿನೇ ಮಾಡ್ಲಿ ಅಂತ ಬಿಟ್ಟೀನಿ, ಗಣಿತನೂ ಆಗ್ತದ.

ಎರಡನೇದು ಬೂದಿಹಾಳ. ಇದು ನಮ್ಮಂಥ ಹೆಣ್ಮಕ್ಕಳು ಹೇಳಿಕೊಡೂ ಪಾಠ. ನಾಕು ಸಾವಿರ ವರ್ಷದ ಹಿಂದ ಅಲ್ಲಿ ದನ ಕಟ್ತಿದ್ರು. ಸಗಣಿ ಒಂದೇ ಕಡಿ ಒಟ್ಟಿ ಸುಡ್ತಿದ್ರು. ಅದೇ ಗುಡ್ಡಿ ಆಗಿ ಇವತ್ತಿಗೂ ಬೂದಿ ದಿಬ್ಬ ಅದ. ತಿಪ್ಪಿ, ಕುಳ್ಳು ಕಂಡ ಕೂಸಿಗಿ ಇದು ಬಿಡಿಸಿ ಹೇಳೂದು ಬ್ಯಾಡ. ಶಾಲಿ ಪುಸ್ತಕದಾಗ ಹರಪ್ಪಾ ಬಂದಾಗ ಬಾಜೂಕ ಇದನ್ನ ಬರಸ್ತೀನಿ: ಅಲ್ಲಿ ಇಟ್ಟಂಗಿ ಚರಂಡಿ ಕಟ್ಟಿದ ನಗರ ಇದ್ದ ಕಾಲದ ಆಚೀಚಿನೇ ಇಲ್ಲಿ ನಮ್ಮ ನೆಲದಾಗ ದನದ ಹಕ್ಕಿ ಇತ್ತು.

ಆಮ್ಯಾಲ ಅಶೋಕ. ರಾಯಚೂರು ಕಡಿ ಮಸ್ಕಿಯಾಗ 1915ರಾಗ ಬಂಗಾರ ಹುಡುಕ್ಲಿಕ್ಕ ಬಂದ ಬೀಡನ್ ಅನ್ನೂ ಇಂಜಿನಿಯರಿಗಿ ಶಾಸನ ಸಿಕ್ತು. ಅದರಾಗ 'ಅಶೋಕ' ಅನ್ನೂ ಹೆಸರೇ ಇತ್ತು. ಅದಕ್ಕ ಮೊದಲು ಸಿಕ್ಕ ಶಾಸನದಾಗ 'ದೇವಾನಾಂಪ್ರಿಯ' ಅಂತ ಇತ್ತೇ ಹೊರತು ರಾಜನ ಹೆಸರು ಇರಲಿಲ್ಲ. ಭೀಮಾ ದಂಡಿ ಸನ್ನತಿಯಾಗ 1986ರಾಗ ಗುಡಿ ಚಾವಣಿ ಕುಸೀತು. ಆಗ ಗೊತ್ತಾತು, ಕಾಳಿ ಮೂರ್ತಿ ಕೆಳಗಿನ ಪೀಠದ ಕಲ್ಲೇ ಅಶೋಕನ ಶಾಸನ ಅಂತ. ಅಲ್ಲೇ ಬಾಜೂಕ ಕನಗನಹಳ್ಳಿಯಾಗ ಬೌದ್ಧ ಸ್ತೂಪದ ಕಲ್ಲಿನ ಮ್ಯಾಲ ರಾಜ ರಾಣಿ ಕೆತ್ತ್ಯಾರ, ಮ್ಯಾಲ ಬ್ರಾಹ್ಮಿಯಾಗ 'ರಾಯಾ ಅಸೋಕೋ' ಅಂತ ಬರದಾರ. ಇದಕ್ಕ ಒಂದಿನ ಬುತ್ತಿ ಕಟ್ಕೊಂಡು ಹೋಗೂದು ಅಂತ ಠರಾವು ಆಗ್ಯದ. ವರ್ಷದ ಕಡೀಕ ಮಳಖೇಡ, ಅಮೋಘವರ್ಷ ನೃಪತುಂಗ, ಕನ್ನಡದಾಗ ಉಳದ ಮೊದಲನೇ ಗ್ರಂಥ ಕವಿರಾಜಮಾರ್ಗ. ಅಲ್ಲಿಂದ ಕಲ್ಲು ಬಿಟ್ಟು ಮಾತಿಗಿ ಬರಬಹುದು.

ಏಳನೇ ಕ್ಲಾಸು: ಮಾತು

ವಚನ ಅಂದ್ರ ಕಲ್ಯಾಣ ಅಂತಾರ, ಖರೆ ಅದ. ಆದ್ರ ಅದಕ್ಕಿಂತ ಮೊದಲಿನ ಶರಣ ಜೇಡರ ದಾಸಿಮಯ್ಯ ನಮ್ಮ ಮುದನೂರಿನಾಂವ. ಸೀರಿ ನೇಯೂ ಮನಷ್ಯಾ, ಹೆಂಡ್ತಿ ದುಗ್ಗಳೆ. ಅವನಿಂದ ಸುರು ಮಾಡಿ ಬಸವಣ್ಣ, ಕಲಬುರಗಿ ಬಹಮನಿ ಸುಲ್ತಾನರು, ಬಂದೇ ನವಾಜ್, ವಿಜಯನಗರ, ಬಿಜಾಪುರದ ಆದಿಲಶಾಹಿ ಅಂತ ಬರೂದು. ತಿಂಥಣಿ ಮೌನೇಶ್ವರನ ಪಾಠ ತಿಂಥಣಿಯಾಗೇ, ಕೃಷ್ಣಾ ದಂಡಿ ಮ್ಯಾಲ. ಹಿಂದೂ ಮುಸಲ್ಮಾನ ಇಬ್ಬರೂ ನಡಕೊಳ್ಳೂ ಜಾಗ. ಅಲ್ಲಿ ನಾ ಜಾಸ್ತಿ ಮಾತಾಡೂದಿಲ್ಲ, ಯಾರ್ಯಾರು ಕಾಯಿ ಒಡಸ್ತಾರ ಅಂತ ನೋಡಿ ಬರ್ಕೋ ಅಂತೀನಿ.

ಇದೇ ವರ್ಷ ಒಂದು ಜಗಳದ ಪಾಠ ಇಟ್ಟೀನಿ. ಜೈಮಿನಿ ಭಾರತ ಬರದ ಲಕ್ಷ್ಮೀಶ ಯಾವೂರಾಂವ? ಕಾವ್ಯದಾಗ ದೇವಪುರದ ಲಕ್ಷ್ಮೀರಮಣ ಅಂತ ದೇವರ ಹೆಸರು ಬರ್ತದ. ನಮ್ಮೂರು ದೇವಾಪುರ, ಹಂಗಾರ ನಮ್ಮಾಂವನೇ ಅಂತ ನಮ್ಮ ಕಡಿ ಅಂತಾರ. ಕಡೂರು ತಾಲ್ಲೂಕಿನ ದೇವನೂರಿನವರು ನಮ್ಮಾಂವ ಅಂತಾರ, ಭಾಳ ಮಂದಿ ವಿದ್ವಾಂಸರ ಒಲವೂ ಆ ಕಡೀಗೇ ಅದ. ಕೂಸು ನೋಟಬುಕ್ಕಿನಾಗ ನಡಕ ಗೆರಿ ಎಳದು ಎರಡೂ ಕಡೀಗಿ ಬರೀಬೇಕು. ಕೆಳಗ ಮೂರು ಪ್ರಶ್ನಿ: ಇದನ್ನ ಯಾರು ಹೇಳ್ಯಾರ? ಯಾವಾಗ ಹೇಳ್ಯಾರ? ಯಾರನ್ನ ಇನ್ನಾ ಕೇಳಿಲ್ಲ? ಈ ಜಗಳದಾಗ ಯಾರಿಗೂ ಪೆಟ್ಟಾಗೂದಿಲ್ಲ. ಕವಿ ಅಲ್ಲಿಯಾಂವ ಆದ್ರೂ, ಇಲ್ಲಿಯಾಂವ ಆದ್ರೂ ಕಾವ್ಯ ಎಲ್ಲಾರದೂ. ಅದಕ್ಕೇ ಇಲ್ಲಿಂದ ರೂಢಿ ಮಾಡಸ್ತೀನಿ.

ಏಳನೇದರ ಕಡೀ ಪಾಠ ವಾಗಿಣಗೇರಿ. 1705ರಾಗ ಔರಂಗಜೇಬ ಬಾದಶಾಹನೇ ಬಂದು ಮುತ್ತಿಗಿ ಹಾಕಿದ ಕ್ವಾಟಿ. ಅವನಿಗಿ ಆಗ ಎಂಬತ್ತು ದಾಟಿತ್ತು. ಬೇಡರ ಪಿಡ್ಡ ನಾಯಕ ಕ್ವಾಟಿ ಬಿಟ್ಟು ತಪ್ಪಿಸ್ಕೊಂಡ, ಬಾದಶಾಹನ ಕೈಗಿ ಸಿಗಲಿಲ್ಲ. ಎರಡು ವರ್ಷಕ್ಕ ಬಾದಶಾಹ ತೀರಿದ. ದಿಲ್ಲಿ ಇತಿಹಾಸನೇ ನಮ್ಮ ಬಾಗಿಲಿಗಿ ಬಂದದ್ದು ಅದು.

ಎಂಟನೇ ಕ್ಲಾಸು: ಕಾಗದ, ಮನಷ್ಯಾರು

ಎಂಟನೇದಾಗ ಮೊದಲು ಟೇಲರ್ ಮಂಜಿಲ್. ಫಿಲಿಪ್ ಮೆಡೋಸ್ ಟೇಲರ್ ಸುರಪುರದಾಗ ಹತ್ತು ವರ್ಷದ ಮ್ಯಾಲ ಇದ್ದು ಸಣ್ಣ ರಾಜನ ಪರವಾಗಿ ರಾಜ್ಯ ನೋಡ್ಕೊಂಡ. ರಾಜಾ ವೆಂಕಟಪ್ಪ ನಾಯಕ ಅವನಿಗಿ 'ಅಪ್ಪಾ' ಅಂತಿದ್ದ. ಅದೇ ಹುಡುಗ ದೊಡ್ಡವನಾಗಿ 1858ರಾಗ ಇಂಗ್ಲಿಷರ ಮ್ಯಾಲ ಕತ್ತಿ ಹಿಡದ. ಸಿಕ್ಕಿಬಿದ್ದ. ಮರಣದಂಡನೆ ತಗದು ನಾಕು ವರ್ಷದ ಸೆರಿ ಅಂತ ಆತು. ಸೆರಿಗಿ ಒಯ್ಯೂ ದಾರಿಯಾಗ ಪಿಸ್ತೂಲಿನ ಗುಂಡಿಗಿ ಸತ್ತ. ತಾನೇ ಹಾರಿಸ್ಕೊಂಡನೋ, ಯಾರರೆ ಹೊಡದ್ರೋ, ಎರಡು ಮಾತು ಅದಾವ. ಟೇಲರ್ ಆತ್ಮಕಥಿ ಬರದಾನ, ರಾಜ ಬರದಿಲ್ಲ. ಮತ್ತ ನಡಕ ಗೆರಿ, ಮತ್ತ ಅದೇ ಮೂರು ಪ್ರಶ್ನಿ. ಈ ಸಲ ಸ್ವಲ್ಪ ಹೊಟ್ಟಿಯಾಗ ಸಂಕಟ ಆಗ್ತದ. ಆಗ್ಲಿ.

ಆಮ್ಯಾಲ ನಿಜಾಮರ ಕಾಲ, ಆಮ್ಯಾಲ 1948. ಈ ಮೂರು ವರ್ಷದ ಪಟ್ಟಿ ಹಿಂಗ ಜೋಡಿಸಿದ್ದೇ ಇದೊಂದು ಪಾಠದ ಸಲುವಾಗಿ.

ಪ್ರತಿ ವರ್ಷ ಸಪ್ಟೆಂಬರ್ 17ಕ್ಕ ಶಾಲಿಯಾಗ ಝೇಂಡಾ ಏರಸ್ತಾರ. ಮಕ್ಕಳು ರಜಾಕಾರರ ಕಥಿ ಕೇಳಿ ಬರ್ತಾವ. ಕಥಿ ಸುಳ್ಳಲ್ಲ. ಬೀದರ ಕಡಿ ಗೋರ್ಟಾದಾಗ 1948ರ ಮೇ ತಿಂಗಳಾಗ ರಜಾಕಾರರು ಮಾಡಿದ ಕೊಲೆ ಖರೆ. ಸುಲಿಗಿ ಖರೆ. ಮಂದಿ ಊರು ಬಿಟ್ಟು ಗಡಿ ಆಚಿ ಹೋದದ್ದು ಖರೆ. ನಮ್ಮ ಅತ್ತಿಯವರ ಅಕ್ಕ ಆಗ ಏಳೆಂಟು ವರ್ಷದಾಕಿ. ತವರೂರಾಗ ಜ್ವಾಳದ ಹೊಲದಾಗ ರಾತ್ರಿ ಅಡಗಿ ಕುಂತಿದ್ದು, ಕಾಳು ಹಗೇವಿನಾಗ ಹಾಕಿ ಮ್ಯಾಲ ಮಣ್ಣು ಮುಚ್ಚಿದ್ದು, ಎಲ್ಲಾ ಕಣ್ಣಿಗಿ ಕಟ್ಟಿದಂಗ ಹೇಳ್ತಾಳ. ಸಪ್ಟೆಂಬರ್ 13ಕ್ಕ ಭಾರತದ ದಂಡು ಬಂತು, 17ಕ್ಕ ನಿಜಾಮ ಶರಣಾದ, ಅಲ್ಲೀ ತನಕ ಅಕಿ ದನಿ ಜೋರು ಇರ್ತದ. ಆಮ್ಯಾಲ ಮೆಲ್ಲಗ, "ಬಾಜೂ ಮನಿ ಖಾಲಿ ಇತ್ತು" ಅಂತಾಳ. ಯಾಕ ಖಾಲಿ ಇತ್ತು ದೊಡ್ಡತ್ತಿ ಅಂದ್ರ, "ಬ್ಯಾಡ ಬಿಡವ್ವ, ಚಾ ಇಡು" ಅಂತಾಳ.

ಆ ಬಾಜೂ ಮನಿಯೂ ಪಾಠದಾಗ ಬರಬೇಕು ಅಂತ ನನ್ನ ಹಟ. ಕೇಂದ್ರ ಸರ್ಕಾರನೇ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಆ ವರ್ಷನೇ ನಮ್ಮ ಕಡಿ ತಿರುಗಿ ವರದಿ ಬರೀತು. ಪೊಲೀಸ್ ಕಾರ್ಯಾಚರಣೆ ಟೈಮಿನಾಗ ಮತ್ತ ಅದರ ಬೆನ್ನಿಗೇ ಹೈದರಾಬಾದ ರಾಜ್ಯದಾಗ ಕಮ್ಮಿ ಅಂದ್ರೂ 27 ಸಾವಿರದಿಂದ 40 ಸಾವಿರ ಮಂದಿ ಸತ್ತಾರ ಅಂತ ಅದರ ಅಂದಾಜು. ಹೆಚ್ಚಿನವರು ಮುಸಲ್ಮಾನರು. ಭಾಳ ಹಾನಿ ಆದ ಜಿಲ್ಲಾಗಳ ಪಟ್ಟಿಯಾಗ ಆಗಿನ ಗುಲಬರ್ಗಾ, ಬೀದರ ಎರಡೂ ಅದಾವ. ಆ ವರದಿ ಎಷ್ಟೋ ವರ್ಷ ಹೊರಗ ಬರಲಿಲ್ಲ.

"ಇಷ್ಟು ಸಣ್ಣ ಕೂಸಿಗಿ ಇದೆಲ್ಲಾ ಯಾಕ?" ಅಂತ ನಮ್ಮ ಅತ್ತಿಯವರು ಅಂದ್ರು. ಅವರ ಮಾತಿನಾಗೂ ತೂಕ ಅದ. ಹಳೇ ಗಾಯ ಕೆದರೂದು ಯಾರಿಗಿ ಬೇಕು? ಆದ್ರ ನಮ್ಮ ಹುಡುಗಿ ದಿನಾ ಒಂದೇ ಬೆಂಚಿನಾಗ ಕುಂತು ಬುತ್ತಿ ಹಂಚಕೊಂಡು ತಿನ್ನೂ ಗೆಳತಿ ಮುಸಲ್ಮಾನರ ಮನಿಯಾಕಿ. ಅರ್ಧ ಕಥಿ ನಮ್ಮ ಮನ್ಯಾಗ, ಇನ್ನರ್ಧ ಅವರ ಮನ್ಯಾಗ ಹೇಳಿದ್ರ ಎರಡೂ ಕೂಸು ಒಬ್ಬರಿಗೊಬ್ಬರು ಅಂಜಿಕೊಂಡು ಬೆಳೀತಾವ. ನಾವು ಹೇಳಲಿಲ್ಲಂದ್ರ ಫೋನಿನಾಗ ಯಾರೋ ಹೇಳ್ತಾರ, ಅರ್ಧಾನೇ ಹೇಳ್ತಾರ. ಅದಕ್ಕ ಹನ್ನೊಂದಕ್ಕ ಬ್ಯಾಡ, ಹದಿಮೂರು ಮುಗೀಲಿ. ಕವಿ ಜಗಳ, ರಾಜನ ಸಾವು ಎರಡರ ಮ್ಯಾಲ ಮೂರು ಪ್ರಶ್ನಿ ಕೇಳಿ ಕೇಳಿ ರೂಢಿ ಆಗಿರ್ತದ. ಆಗ ಗೋರ್ಟಾದ ಸತ್ತವರನ್ನೂ, ಬಾಜೂ ಮನಿಯವರನ್ನೂ ಒಂದೇ ಹಾಳಿಯಾಗ ಬರೀಲಿಕ್ಕ ಅಕಿಗಿ ಬರ್ತದ. ಒಬ್ಬರ ದುಃಖ ಹೇಳಿದ್ರ ಇನ್ನೊಬ್ಬರದು ಕಮ್ಮಿ ಆಗೂದಿಲ್ಲ ಅನ್ನೂದು ತಿಳದ್ರ ಸಾಕು.

ಉಳದದ್ದು ಹಗರ. 1956ರ ನವಂಬರ್ 1ಕ್ಕ ನಾವು ಮೈಸೂರು ರಾಜ್ಯಕ್ಕ ಸೇರಿದ್ದು, 1982ರಾಗ ನಾರಾಯಣಪುರದ ಬಸವಸಾಗರ ಡ್ಯಾಮ್ ಮುಗದು ಕಾಲುವಿ ನೀರು ಬಂದು ಜ್ವಾಳದ ಹೊಲ ಭತ್ತದ ಗದ್ದಿ ಆದದ್ದು, 371ಜೆ, ಯಾದಗಿರಿ ಜಿಲ್ಲಾ ಆದದ್ದು. ಇದಕ್ಕ ಪುಸ್ತಕ ಬ್ಯಾಡ, ಕಟ್ಟಿ ಮ್ಯಾಲ ಕುಂತ ಹಿರಿಯರೇ ಸಾಕು.

ನಿಮ್ಮ ಕಡೀಂದ ನನಗ ಎರಡು ಕೆಲಸ ಆಗಬೇಕು. ಒಂದು, 1948ರಾಗ ಬುದ್ಧಿ ತಿಳದಿದ್ದವರಿಗಿ ಈಗ ಎಂಬತ್ತೈದು ದಾಟ್ಯದ. ನನ್ನ ಮಗಳು ಎಂಟನೇಕ್ಕ ಬರೂ ತನಕ ಅವರು ಇರ್ತಾರಂತ ಏನು ಗ್ಯಾರಂಟಿ? ನಿಮ್ಮ ನಿಮ್ಮ ಮನಿ ಆಯಿಗೋಳ ಮಾತು ಈಗೇ ಫೋನಿನಾಗ ರೆಕಾರ್ಡ್ ಮಾಡಿ ಇಡ್ರಿ, ಸುಮ್ಮನಾದ ಜಾಗನೂ ಕತ್ತರಿಸಬ್ಯಾಡ್ರಿ. ಎರಡು, ಟ್ರಂಕಿನಾಗ ನಿಜಾಮರ ಕಾಲದ ಉರ್ದು ಕಾಗದ ಇದ್ರ, ಹೊಲದ್ದಿರಲಿ, ಕೋರ್ಟಿಂದಿರಲಿ, ಓದಲಿಕ್ಕ ಬರೂದಿಲ್ಲ ಅಂತ ರದ್ದಿಗಿ ಹಾಕಬ್ಯಾಡ್ರಿ. ನಮ್ಮ ಓಣಿಯಾಗೇ ಉರ್ದು ಓದೂ ಹಿರಿಯರು ಇನ್ನಾ ಅದಾರ. ಒಂದು ಅರಬಿಯಾಗ ಸುತ್ತಿ, ಬೇವಿನ ತೊಪ್ಪಲ ಹಾಕಿ ಮ್ಯಾಲ ಇಡ್ರಿ. ಜೂನ್ ಆದಮ್ಯಾಲ ನಾವಿಬ್ಬರೂ ನೋಟಬುಕ್ಕು ಹಿಡಕೊಂಡು ನಿಮ್ಮ ಮನಿಗಿ ಬರ್ತೀವಿ.