ಪಿಎಸ್ಐ ಪಾತ್ರ ಯಾರಿಗೆ?



ಮೊನ್ನೆ ಗೋಕಾಕದಲ್ಲಿ ಎಂ.ಎಸ್.ಡಬ್ಲ್ಯೂ. ಓದೋ ಹುಡುಗರಿಗೆ ಒಂದು ತರಬೇತಿ ಇತ್ತು, ನನ್ನನ್ನೂ ಕರೆದಿದ್ರು. ಭಾಷಣ ಅಲ್ಲ, ಅಣಕು ಅಭ್ಯಾಸ. ನರ್ಸಿಂಗ್ ಓದೋರು ಮೊದಲು ಗೊಂಬೆಗೆ ಸೂಜಿ ಚುಚ್ಚಿ ಕಲೀತಾರಲ್ಲ, ಹಂಗೆ. ಕ್ಷೇತ್ರಕಾರ್ಯಕ್ಕೆ ಹೋಗೋ ಮೊದಲು ಕ್ಲಾಸಿನಲ್ಲೇ ಸನ್ನಿವೇಶ ಕಟ್ಟಿ ನಡೆಸಿ ನೋಡೋದು.

ಒಂದು ಟೇಬಲ್ಲು, ಅದೇ ಪೊಲೀಸ್ ಠಾಣೆ. ಹೋಟೆಲಿನಲ್ಲಿ ಜಾತಿ ಎತ್ತಿ ಬೈದು ಹೊಡೆದಿದ್ದಾರೆ, ಒಬ್ಬ ದೂರು ಕೊಡಾಕ ಬಂದಾನ, ಜೊತೆಗೆ ಸಮಾಜ ಕಾರ್ಯಕರ್ತೆ. ದೂರುದಾರ ಯಾರಾಗ್ತೀರಿ ಅಂತ ಕೇಳೋ ಮೊದಲೇ ಎಲ್ಲರ ಕಣ್ಣು ನಮ್ಮ ಕೇರಿ ಹುಡುಗನ ಕಡೆ ಹೋತು. ಅವನೂ ಸುಮ್ಮನೆ ಎದ್ದ. ಎರಡು ಮಾತು ಆಡಿ ನಿಂತುಬಿಟ್ಟ. ಅವನಿಗದು ನಟನೆ ಅಲ್ಲವಲ್ಲ! ಓದಾಕ ಬಂದವನ ನೋವನ್ನೇ ಉಳಿದವರಿಗೆ ಪಠ್ಯ ಮಾಡಿದಂಗಾತು.

ಅದಲು ಬದಲು ಮಾಡ್ರಿ ಅಂದೆ. ಅವನು ಪಿಎಸ್ಐ ಆದ, ಗೌಡರ ಹುಡುಗ ದೂರುದಾರ ಆದ. ‘ಸರ್, ಬೈದ ಮಾತು ಬಾಯಿಬಿಟ್ಟು ಹೇಳಬೇಕೇನ್ರಿ?’ ಅಂತ ಕೇಳಿದ. ಹೇಳಬೇಕಪ್ಪ. ಬರೀ ‘ಜಾತಿ ನಿಂದನೆ ಮಾಡಿದರು’ ಅಂತ ಬರೆಸಿದರೆ ಕೋರ್ಟಿನಲ್ಲಿ ಕೇಸು ಸಡಿಲ ಆಗ್ತದೆ, ಆಡಿದ ಮಾತು ಇದ್ದದ್ದು ಇದ್ದಂಗೆ ಬರಬೇಕು. ಅವನ ಬಾಯಿಂದ ಆ ಶಬ್ದ ಹೊರಡಲಿಕ್ಕೆ ಎಷ್ಟು ಹೊತ್ತು ಹಿಡೀತು ಅಂತೀರಿ.

ನಮ್ಮ ಪಿಎಸ್ಐ ಮಾತ್ರ ಪಕ್ಕಾ. ‘ಸಾಹೇಬ್ರು ಬಂದೋಬಸ್ತಿಗೆ ಹೋಗ್ಯಾರ, ನಾಳೆ ಬರ್ರಿ.’ ‘ಒಂದ ಊರಾಗ ಇರೋರು, ರಾಜಿ ಮಾಡ್ಕೋರಿ.’ ಎಲ್ಲಿ ಕಲಿತಿ ತಮ್ಮಾ ಅಂದೆ. ‘ಅಪ್ಪನ ಕೂಡ ಹೋಗಿದ್ದೆ ರೀ, ಏಳನೇ ಇಯತ್ತೆ ಇದ್ದಾಗ.’

ಕಾರ್ಯಕರ್ತೆ ಆಗಿದ್ದ ಹುಡುಗಿಯೂ ‘ಹೌದಲ್ರಿ, ಊರಾಗ ಇರಬೇಕಲ್ಲ’ ಅಂತ ರಾಜಿಗೆ ತಲೆ ಆಡಿಸಿಬಿಟ್ಳು. 1989ರ ದೌರ್ಜನ್ಯ ತಡೆ ಕಾಯ್ದೆ ಪರೀಕ್ಷೆಯಲ್ಲಿ ಬರೆದವಳೇ. ಅಲ್ಲೇ ನಿಲ್ಲಿಸಿ ಮತ್ತೆ ನೆನಪು ಮಾಡಿಕೊಂಡ್ವಿ. ಬಾಯಿಮಾತಿನ ದೂರನ್ನ ಪೊಲೀಸರೇ ಬರೆದು, ಓದಿ ಹೇಳಿ, ಆಮೇಲೆ ಸಹಿ ತಗೋಬೇಕು, ಪ್ರತಿ ಕೊಡಬೇಕು. ಎಫ್ಐಆರ್ ಹಾಕಲಿಕ್ಕೆ ಮೊದಲು ವಿಚಾರಣೆ ಬೇಕಿಲ್ಲ ಅಂತ 2018ರ ತಿದ್ದುಪಡಿಯೇ ಹೇಳ್ತದೆ. ಬೇಕಂತಲೇ ಕರ್ತವ್ಯ ಬಿಟ್ಟ, ಪರಿಶಿಷ್ಟ ಜಾತಿ-ಪಂಗಡಕ್ಕೆ ಸೇರದ ಅಧಿಕಾರಿಗೆ ಕಲಂ 4ರಲ್ಲಿ 6 ತಿಂಗಳಿಂದ 1 ವರ್ಷದ ತನಕ ಜೈಲು. ಇದೆಲ್ಲ ಗೊತ್ತಿರೋದು ಬೇರೆ, ಖಾಕಿ ಎದುರು ನಿಂತು ಹೇಳೋದು ಬೇರೆ. ಇಲ್ಲಿ ತಪ್ಪಿದರೆ ‘ಮತ್ತ ಮೊದಲಿಂದ’ ಅನ್ನಬಹುದು. ಠಾಣೆಯಲ್ಲಿ ತಪ್ಪಿದರೆ ಒಬ್ಬ ಮನುಷ್ಯ ವಾಪಸ್ ಊರಿಗೆ ಹೋಗ್ತಾನೆ, ಹೊಡೆದವರು ಅಲ್ಲೇ ಇರ್ತಾರೆ.

ಮೂರನೇ ಸಲ ಅವಳು ದನಿ ನಡುಗಿದರೂ ಹೇಳಿದಳು: ‘ಸರ್, ಬರೆದದ್ದು ಓದಿ ಹೇಳ್ರಿ, ಆಮ್ಯಾಲ ಸಹಿ ಮಾಡ್ತಾರ.’ ಪಿಎಸ್ಐ ನೆಪ ಹುಡುಕಿದ, ಕಡೆಗೆ ‘ಪೆನ್ನಿಲ್ಲ’ ಅಂದ. ಅವಳು ಬ್ಯಾಗಿನಿಂದ ಪೆನ್ನು ತೆಗೆದಳು.

ಆಟ ಮುಗಿದ ಮೇಲೆ ಆ ಹುಡುಗನ ಕೂಡ ಹೊರಗೆ ಚಹಾ ಕುಡಿದೆ. ಪಾತ್ರ ಇಳಿಸಲಿಕ್ಕೆ ಅಷ್ಟು ಹೊತ್ತಾದರೂ ಬೇಕು, ಮೇಷ್ಟ್ರುಗಳು ಅದನ್ನ ಮರೀಬಾರದು.

ಮುಂದಿನ ಸಲ ಸಮಾಜ ಕಲ್ಯಾಣ ಇಲಾಖೆಯ ಟೇಬಲ್ಲು, ಪರಿಹಾರದ ಫೈಲು. ಗುಮಾಸ್ತನ ಪಾತ್ರ ಖಾಲಿ ಐತಿ, ನಿವೃತ್ತರು ಯಾರಾದರೂ ಇದ್ದರೆ ತಿಳಿಸ್ರಿ.