ಬೇಪೂರಿನ ಪುಟ್ಟ ಹಡಗುಗಳು

ಮಂಗಳೂರಿನಿಂದ ರೈಲಿನಲ್ಲಿ ದಕ್ಷಿಣಕ್ಕೆ ಹೊರಟರೆ ನಾಲ್ಕೈದು ಗಂಟೆಯಲ್ಲಿ ಕಲ್ಲಿಕೋಟೆ. ಅಲ್ಲಿಂದ ಸುಮಾರು 10 ಕಿ.ಮೀ. ದೂರದಲ್ಲಿ, ಚಾಲಿಯಾರ್ ಹೊಳೆ ಕಡಲು ಸೇರುವ ಅಳಿವೆಯಲ್ಲಿದೆ ಬೇಪೂರು. ಕಥೆಗಾರ ವೈಕಂ ಮುಹಮ್ಮದ್ ಬಷೀರ್ 1994ರಲ್ಲಿ ತೀರಿಕೊಳ್ಳುವವರೆಗೆ ಬಾಳಿದ ಊರಿದು. ಈ ಊರಿನ ಹೆಸರನ್ನು ಅರಬ್ ನಾಡುಗಳಿಗೆ ಒಯ್ದದ್ದು ಮಾತ್ರ ಇಲ್ಲಿನ ಮರದ ಹಡಗು 'ಉರು'.

ನಿಲಂಬೂರಿನ ತೇಗದ ದಿಮ್ಮಿಗಳು ಹಿಂದೆ ಇದೇ ಹೊಳೆಯಲ್ಲಿ ತೇಲಿಬರುತ್ತಿದ್ದವು. ಇಲ್ಲಿನ ಹಿರಿಯ ಮೇಸ್ತ್ರಿಗಳು ಕಾಗದದ ನಕ್ಷೆಯಿಲ್ಲದೆ ಹಡಗು ಕಟ್ಟುತ್ತ ಬಂದವರು. ಅಳತೆಯೆಲ್ಲ ಅವರ ತಲೆಯಲ್ಲೇ. ಕಟ್ಟಿ ಮುಗಿದ ಹಡಗನ್ನು ಖಲಾಸಿಗಳು ಹಗ್ಗ, ರಾಟೆ, ಉರುಳುದಿಮ್ಮಿಗಳ ಬಲದಿಂದ ನೀರಿಗಿಳಿಸುತ್ತಾರೆ. ಪಠ್ಯಪುಸ್ತಕದ ಸರಳಯಂತ್ರಗಳ ಪಾಠ ಇಲ್ಲಿ ಕಣ್ಣೆದುರೇ ನಡೆಯುತ್ತದೆ.

ಉಕ್ಕಿನ ಹಡಗುಗಳ ಕಾಲದಲ್ಲಿ ದೊಡ್ಡ ಉರುವಿಗೆ ಬೇಡಿಕೆ ಕಡಿಮೆ. ನಕ್ಷೆಯಿಲ್ಲದ ವಿದ್ಯೆ ಕೈಯಿಂದ ಕೈಗೆ ದಾಟದಿದ್ದರೆ ಅಲ್ಲಿಗೇ ಮುಗಿಯಿತು. ಆದ್ದರಿಂದಲೇ ಇಲ್ಲಿನ ಕುಶಲಕರ್ಮಿಗಳು ಮಾಡುವ ಪುಟ್ಟ ಉರುಗಳನ್ನು ಬರೀ ಆಟಿಕೆ ಎನ್ನಲಾಗದು.

ಮಕ್ಕಳಿಗೊಂದು ಲೆಕ್ಕ. 100 ಅಡಿ ಉದ್ದದ ಹಡಗನ್ನು ನೂರನೇ ಒಂದು ಪ್ರಮಾಣಕ್ಕೆ ಇಳಿಸಿದರೆ ಮಾದರಿ 1 ಅಡಿ. ತೂಕ? ಉದ್ದ, ಅಗಲ, ಎತ್ತರ ಮೂರೂ ನೂರು ಪಟ್ಟು ಇಳಿಯುವುದರಿಂದ ಹತ್ತು ಲಕ್ಷದಲ್ಲಿ ಒಂದು ಪಾಲು. 400 ಟನ್ನಿನ ಹಡಗು 400 ಗ್ರಾಂ ಆಗುತ್ತದೆ! ಮನೆಯಲ್ಲಿ ಕಟ್ಟುವವರಿಗೆ ಹಗುರವಾದ ಬಾಲ್ಸಾ ಮರ ಅನುಕೂಲ. ಬಿಸಿನೀರಿನಲ್ಲಿ ನೆನೆಸಿದ ತೆಳು ಪಟ್ಟಿಯನ್ನು ಮೆಲ್ಲಗೆ ಬಾಗಿಸಿ, ಒಣಗುವ ತನಕ ಕಟ್ಟಿಡಬೇಕು.

ಕೊಂಡು ತಂದರೂ, ಕಟ್ಟಿದರೂ, ಜೋಪಾನ ಮುಖ್ಯ. ಮರ ಗಾಳಿಯ ತೇವ ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ವ್ಯತ್ಯಾಸ ಅತ್ಯಲ್ಪ, ಅಡ್ಡಕ್ಕೆ ಹೆಚ್ಚು. ಬಿರುಕು ಬಿಡುವುದು ಇದರಿಂದಲೇ. ಕಿಟಕಿಯ ಬಿಸಿಲು, ಅಡುಗೆಮನೆಯ ಹಬೆ, ಮಳೆಗಾಲದ ಒದ್ದೆ ಗೋಡೆ ಮೂರನ್ನೂ ದೂರವಿಡಿ. ಗಾಜಿನ ಪೆಟ್ಟಿಗೆ ಒಳ್ಳೆಯದು, ಆದರೆ ಗಾಳಿಯಾಡಲು ಸಣ್ಣ ರಂಧ್ರಗಳಿರಲಿ. ಧೂಳಿಗೆ ಒದ್ದೆ ಬಟ್ಟೆ ಬೇಡ; ಚಿತ್ರ ಬರೆಯುವ ಮೆತ್ತನೆ ಕುಂಚ ಸಾಕು. ಎತ್ತುವಾಗ ಪಟಸ್ತಂಭ ಹಿಡಿಯದೆ ತಳಕ್ಕೆ ಕೈ ಕೊಡಿ.

ರಜೆಯಲ್ಲಿ ಕಲ್ಲಿಕೋಟೆಗೆ ಹೋಗುವ ತಂದೆತಾಯಿಯರು ಬೇಪೂರಿಗೆ ಅರ್ಧ ದಿನ ಮೀಸಲಿಡಿ. ಸಮುದ್ರದೊಳಕ್ಕೆ ಚಾಚಿದ ಕಲ್ಲಿನ ಒಡ್ಡಿನ ಮೇಲೆ ನಡೆದಾಡಿ. ಹಡಗು ಕಟ್ಟುವ ಅಂಗಳದಲ್ಲಿ ಕೆಲಸ ನಡೆಯುತ್ತಿದ್ದರೆ ಅನುಮತಿ ಕೇಳಿ ಒಳಗೆ ಹೋಗಿ, ಮೇಸ್ತ್ರಿಯ ಕೈಗಳನ್ನು ನೋಡಲು ಮಕ್ಕಳಿಗೆ ಹೇಳಿ.